ಬಾವುಟದ ಮೇಲಿನ ಸರಪಳಿ

ಆ ದಿನ ಬೆಳಿಗ್ಗೆ ಬೆಟ್ಟದಾಚೆಯಿಂದ ಫ್ಯೋನ್ ಗಾಳಿ ಬೀಸುತ್ತಿತ್ತು. ಮಾರ್ಚ್ ತಿಂಗಳ ಮಧ್ಯ. ನೆರಳು ಬೀಳುವ ಕಡೆಗಳಲ್ಲಿ ಇನ್ನೂ ಹಿಮ ಉಳಿದಿತ್ತು, ಗಾಳಿ ಮಾತ್ರ ಯಾರೋ ರೊಟ್ಟಿಯ ಒಲೆಯ ಬಾಗಿಲು ತೆಗೆದಿಟ್ಟಂತೆ ಬೆಚ್ಚಗಿತ್ತು. ಇಂಥ ಗಾಳಿ ಬೀಸಿದ ದಿನ ದಕ್ಷಿಣದ ಪರ್ವತಗಳು ತಮ್ಮ ಜಾಗ ಬಿಟ್ಟು ಎದ್ದು ಬಂದು ಹುಲ್ಲುಗಾವಲಿನ ಬೇಲಿಯ ಹಿಂದೆಯೇ ಕೂತ ಹಾಗೆ ಕಾಣುತ್ತವೆ. ಹಸುಗಳು ಹಾಲು ಇಳಿಸುವುದಿಲ್ಲ. ಗಂಡಸರಿಗೆ ತಲೆನೋವು, ಹೆಂಗಸರಿಗೆ ಸಿಡಿಮಿಡಿ. ಲೀನ್‌ಬೆರ್ಗಿನಲ್ಲಿ ಯಾರಾದರೂ ಮಾತಿಗೆ ಮಾತು ಬೆಳೆಸಿದರೆ, ‘ಗಾಳಿ ಕಣಪ್ಪ, ಬಿಡು’ ಎಂದು ಎದುರಿಗಿದ್ದವರು ಸುಮ್ಮನಾಗುತ್ತಾರೆ.

ನೋಟ್‌ಬುರ್ಗಾಗೆ ತಲೆನೋವೂ ಇರಲಿಲ್ಲ, ಸಿಡಿಮಿಡಿಯೂ ಇರಲಿಲ್ಲ. ಎದೆಯಲ್ಲಿ ಒಂದು ಭಾರ ಇತ್ತು, ಅಷ್ಟೆ. ಊರಿನವರ ಬಾಯಲ್ಲಿ ಅವಳು ಬುರ್ಗಲಕ್ಕ. ಗುಡ್ಡದ ನೆತ್ತಿಯಲ್ಲಿರುವ ಸಂತ ಲಿಯೋನ್‌ಹಾರ್ಡನ ಪುಟ್ಟ ಇಗರ್ಜಿಯ ಬೀಗದಕೈ ಅವಳ ಏಪ್ರನ್ನಿನ ಜೇಬಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಬೆಳಿಗ್ಗೆ ಸಂಜೆ ಗಂಟೆ ಬಾರಿಸುವುದು, ಮೇಣದ ಬತ್ತಿ ಬದಲಿಸುವುದು, ಪೀಠದ ಬಟ್ಟೆ ಒಗೆದು ಗಂಜಿ ಹಾಕುವುದು, ಚಳಿಗಾಲ ಕಳೆದ ಮೊದಲ ಬೆಚ್ಚನೆಯ ದಿನ ಸರಪಳಿಗೆ ಅಗಸೆ ಎಣ್ಣೆ ಹಚ್ಚುವುದು ಅವಳ ಕೆಲಸ. ಆ ಮೊದಲ ಬೆಚ್ಚನೆಯ ದಿನ ಇವತ್ತೇ ಬಂದಿತ್ತು. ಅವಳು ಎಣ್ಣೆಯ ಡಬ್ಬಿ, ಹಳೆಯ ಬಟ್ಟೆಯ ಚೂರು ಹಿಡಿದುಕೊಂಡು ಇಗರ್ಜಿಯ ಮುಂದೆ ಬಂದು ನಿಂತಳು.

ಕಿಟಕಿಗಳ ಕೆಳಗೆ, ಗೋಡೆಗೆ ಬಡಿದ ಕೊಕ್ಕೆಗಳ ಮೇಲೆ, ಇಗರ್ಜಿಯ ಸೊಂಟಕ್ಕೆ ಉಡಿದಾರ ಕಟ್ಟಿದಂತೆ ಆ ಸರಪಳಿ ಸುತ್ತಿಕೊಂಡಿದೆ. ಸೆರೆ ಸಿಕ್ಕವರನ್ನು ಬಿಡಿಸಿ ತರುವ ಸಂತ ಲಿಯೋನ್‌ಹಾರ್ಡ್. ಬಿಡುಗಡೆಯಾಗಿ ಮನೆ ಸೇರಿದವರು ಒಂದೊಂದು ಕಬ್ಬಿಣದ ಕೊಂಡಿಯನ್ನು ಅವನಿಗೆ ಒಪ್ಪಿಸುತ್ತಾ ಬಂದಿದ್ದಾರೆ. ತುರ್ಕರ ಕಾಲದ್ದು ಹೆಬ್ಬೆರಳಿನ ದಪ್ಪ. ಫ್ರೆಂಚರ ಕಾಲದ್ದು ಸಣ್ಣದು, ಬಡವರ ಕಾಲವಿರಬೇಕು. ಕಡೆಯ ಯುದ್ಧದಿಂದ ಬಂದವರದ್ದು ನೇಗಿಲ ಕಬ್ಬಿಣ, ಗಾಡಿಯ ಪಟ್ಟಿ, ಕೈಗೆ ಸಿಕ್ಕಿದ್ದರಲ್ಲಿ ಮಾಡಿಸಿದ್ದು. ಎಣ್ಣೆ ಹಚ್ಚುವಾಗ ಬುರ್ಗಲ್ ಯಾರ ಹೆಸರನ್ನೂ ಹೇಳುವುದಿಲ್ಲ. ಕೈ ತಾನೇ ಗುರುತು ಹಿಡಿಯುತ್ತದೆ.

ಈ ಸರಪಳಿಯೇ ಈಗ ವ್ಯಾಜ್ಯವಾಗಿತ್ತು.

ಹೋದ ವರ್ಷ ಸರ್ಕಾರ ಗುಡ್ಡದ ಮೇಲಿನ ಲೀನ್‌ಬೆರ್ಗನ್ನು ಕೆಳಗಿನ ಬ್ರುನ್ನಾವಿಗೆ ಸೇರಿಸಿ ಒಂದೇ ಪಂಚಾಯಿತಿ ಮಾಡಿತು. ಹೆಸರು ಬ್ರುನ್ನಾವಿನದೇ ಉಳಿಯಿತು. ಶಾಲೆ ಕೆಳಗೆ ಹೋಯಿತು, ಅಂಚೆ ಕೆಳಗೆ ಹೋಯಿತು, ರಸ್ತೆಯ ಹಲಗೆಯ ಮೇಲೆ ಲೀನ್‌ಬೆರ್ಗ್ ಅನ್ನುವುದು ಬ್ರುನ್ನಾವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬಂತು. ಇನ್ನೂ ತೀರ್ಮಾನವಾಗದೆ ಉಳಿದದ್ದು ಹೊಸ ಪಂಚಾಯಿತಿಯ ಲಾಂಛನ ಮತ್ತು ಬಾವುಟ. ಅದರಲ್ಲಾದರೂ ಸರಪಳಿ ಇದ್ದರೆ ಮೇಲಿನವರೂ ಇದ್ದರು ಎಂದಾಯಿತು. ಇಲ್ಲದಿದ್ದರೆ ಇನ್ನೊಂದು ತಲೆಮಾರಿಗೆ ಗುಡ್ಡದ ಮೇಲೆ ಒಂದು ಊರಿತ್ತು ಅನ್ನುವುದು ಹಸುಗಳಿಗೆ ಮಾತ್ರ ಗೊತ್ತಿರುತ್ತದೆ.

ಹಿಂದಿನ ಸಂಜೆ ಬ್ರುನ್ನಾವಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸಭೆ ಸೇರಿತ್ತು; ಬುರ್ಗಲ್ ಕೂಡ ಕೇಳಲು ಹೋಗಿ ಕೂತಿದ್ದಳು. ನಿವೃತ್ತ ಮೇಷ್ಟರು ಟಾಸ್ಸಿಲೋ ತಾವು ಬರೆದ ಚಿತ್ರವನ್ನು ಬಿಯರ್ ಲೋಟಗಳ ನಡುವೆ ಬಿಡಿಸಿಟ್ಟಿದ್ದರು. ನೀಲಿ ಗುರಾಣಿ, ಮೇಲೆ ಬ್ರುನ್ನಾವಿನ ಗಿರಣಿ ಚಕ್ರ, ಕೆಳಗೆ ಮೂರು ಕೊಂಡಿಯ ಸರಪಳಿ. ಎರಡೂ ಬೆಳ್ಳಿಯ ಬಣ್ಣದವು.

“ಕಬ್ಬಿಣ ಕಪ್ಪಲ್ವಾ ಮೇಷ್ಟ್ರೇ? ಇದು ಬೆಳ್ಳಿ ಯಾವಾಗ ಆಯ್ತು?” ಎಂದ ಕಸಾಯಿ ಅಂಗಡಿಯ ಸೈಮರ್. ಬ್ರುನ್ನಾವಿನವನು, ಸಭೆಯಲ್ಲಿ ನಗಿಸುವ ಜವಾಬ್ದಾರಿ ತನ್ನದೇ ಎಂದು ತಿಳಿದವನು.

“ನೀಲಿ ಮೇಲೆ ಕಪ್ಪು ಇಡೋ ಹಾಗಿಲ್ಲ ಸೈಮರ್. ಲಾಂಛನದ ಕಟ್ಟುಪಾಡು ಅದು. ದೂರದಿಂದ ಕಾಣಲ್ಲ. ಹಿಂದೆ ಯುದ್ಧದ ಧೂಳಲ್ಲಿ ನಮ್ಮವನ್ಯಾರು, ಅವರವನ್ಯಾರು ಅಂತ ತಿಳೀಬೇಕಿತ್ತಲ್ಲ.”

“ನೋಡ್ರಪ್ಪ, ಲೀನ್‌ಬೆರ್ಗ್ನೋರು ಪುಕ್ಕಟೆ ಬೆಳ್ಳಿ ಹೊಡ್ಕೊಂಡ್ರು! ಅಲ್ಲ, ಬಸ್ಸಲ್ಲಿ ಹೋಗೋರು ಬಾವುಟ ನೋಡಿ ಇಲ್ಲೊಂದು ಜೈಲಿದೆ ಅಂದ್ಕೊಳ್ಳಲ್ವಾ? ಅದರ ಬದಲು ನನ್ನ ಸಾಸೇಜ್ ಬರೀರಿ. ಅದೂ ಕೊಂಡಿ ಕೊಂಡಿಯಾಗೇ ಇರುತ್ತೆ.”

“ನಿನ್ನ ಸಾಸೇಜ್ ಹಾಕಿದ್ರೆ ಬಾವುಟಕ್ಕೆ ನಾಯಿಗಳೇ ಬಂದು ಸಲ್ಯೂಟ್ ಹೊಡೀಬೇಕು ಕಣಯ್ಯ,” ಎಂದ ಲೀನ್‌ಬೆರ್ಗಿನ ಕಮ್ಮಾರ ಪೋಲ್ಡಿ. “ಹಬ್ಬದ ದಿನ ಮೇಯರ್ ಕುತ್ತಿಗೇಲಿ ಹಾಕ್ಕೊಳ್ಳೋದು ಏನದು, ಹೂವಿನ ಹಾರಾನಾ? ಅದೂ ಸರಪಳಿನೇ ತಾನೇ?”

ಎಲ್ಲರೂ ನಕ್ಕರು. ಮೇಯರ್ ಕೊರ್ಬಿನಿಯನ್ ನಗಲಿಲ್ಲ. ಬ್ರುನ್ನಾವಿನ ಗಿರಣಿ ಮನೆಯವನು. ಮಾತು ಕಡಿಮೆ, ಆಡಿದ ಮಾತು ತಿರುಗಿ ತೆಗೆದುಕೊಂಡವನಲ್ಲ. ಅವನು ಚಿತ್ರವನ್ನು ಕೈಯಿಂದ ಮೆಲ್ಲಗೆ ಸರಿಸಿದ.

“ಚಕ್ರ ಸಾಕು. ಸರಪಳಿ ಬೇಡ. ಸರಪಳಿ ಅಂದ್ರೇನು ಅಂತ ನಂಗೆ ಗೊತ್ತು. ಅದಕ್ಕೆ ಬೆಳ್ಳಿ ಬಳಿದು ಕಂಬಕ್ಕೆ ಏರಿಸೋ ಶೋಕಿ ನಂಗಿಲ್ಲ. ನಾನು ಈ ಕುರ್ಚಿ ಮೇಲಿರೋವರೆಗೂ ಅದು ಆಗಲ್ಲ.”

ಸೈಮರ್ ಲೋಟದೊಳಗೆ ಇಣುಕಿದ. ಕೊರ್ಬಿನಿಯನ್ ರಷ್ಯಾದ ಸೆರೆಯಿಂದ ಬಂದವನೆಂದು ಎಲ್ಲರಿಗೂ ಗೊತ್ತಿತ್ತು. ಮತ ಹಾಕುವುದು ಗುರುವಾರಕ್ಕೆ ಹೋಯಿತು. ಸದಸ್ಯರಲ್ಲಿ ಕೆಳಗಿನವರೇ ಹೆಚ್ಚು, ಮೇಯರ್ ಹೇಳಿದ ಮೇಲೆ ಯಾವ ಕೈ ಎಲ್ಲಿ ಏಳುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಗುಡ್ಡ ಹತ್ತಿ ಬರುವಾಗ ಪೋಲ್ಡಿ ಬುರ್ಗಲ್‌ಳ ಜೊತೆಗೆ ನಡೆದ. ಮೊದಲ ತಿರುವಿನವರೆಗೂ ತಡೆದುಕೊಂಡ.

“ಬುರ್ಗಲಕ್ಕ, ನೀನು ಬಾಯಿ ಬಿಡ್ಬೇಕು.”

“ಏನಂತ?”

“ಏನಂತ ಅಂತೆ! ಕೊರ್ಬಿನಿಯನ್ ಅಮ್ಮ ನಮ್ಮಪ್ಪನ ಹತ್ರ ಎರಡು ಕೊಂಡಿ ಮಾಡಿಸ್ಕೊಂಡು ಹೋದಾಗ ತಿದಿ ಒತ್ತಿದ್ದು ನಾನು. ಹರಕೆ ಹೊತ್ತಿದ್ದು ನಿನ್ನ ಕಣ್ಣೆದುರಿಗೆ. ಮಗ ಬಂದ. ಕೊಂಡಿ ಬಂತಾ? ಗುರುವಾರ ಎದ್ದು ನಿಂತು ಇದೊಂದು ಮಾತು ಕೇಳು. ಸಂತನ ಸಾಲ ಇಟ್ಕೊಂಡೋನು ಸಂತನ ಸರಪಳಿ ಬೇಡ ಅಂತಿದ್ದಾನೆ ಅನ್ನು. ಆಮೇಲೆ ತಲೆ ಎತ್ತಲಿ ನೋಡೋಣ.”

“ನೋಡೋಣ,” ಎಂದಿದ್ದಳು ಬುರ್ಗಲ್. ಒಪ್ಪಿದಳೋ ಬಿಟ್ಟಳೋ ಪೋಲ್ಡಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

ಈಗ ಎಣ್ಣೆಯ ಬಟ್ಟೆ ಕೊಂಡಿಯಿಂದ ಕೊಂಡಿಗೆ ಹೋಗುತ್ತಿರುವಾಗ ಅವಳ ಮನಸ್ಸು ಆ ಚಳಿಗಾಲಗಳಿಗೆ ಹೋಯಿತು. ಯುದ್ಧ ಮುಗಿದಿತ್ತು, ಗಂಡಸರು ಬಂದಿರಲಿಲ್ಲ. ಕೊರ್ಬಿನಿಯನ್‌ನ ತಾಯಿ, ಬ್ರುನ್ನಾವಿನ ಗಿರಣಿಯ ಆಫ್ರಾ, ಹಿಮ ತುಳಿದುಕೊಂಡು ಮೇಲೆ ಬರುತ್ತಿದ್ದಳು. ಕೆಳಗಿನವರು ತಮ್ಮ ದೊಡ್ಡ ಇಗರ್ಜಿ ಬಿಟ್ಟು ಮೇಲೆ ಬರುವುದೆಂದರೆ ಆಗ ಮಾತಿಗೆ ಗ್ರಾಸ. ಅವಳು ಯಾರ ಮಾತಿಗೂ ಕಿವಿಗೊಡದೆ ಬಂದು ಬುರ್ಗಲ್ ಮೊಣಕಾಲೂರಿದ ಬೆಂಚಿನ ಇನ್ನೊಂದು ತುದಿಗೇ ಮೊಣಕಾಲೂರುತ್ತಿದ್ದಳು. ಬುರ್ಗಲ್ ಗಂಡ ಕ್ವಿರಿನ್‌ಗಾಗಿ ಬೇಡುತ್ತಿದ್ದಳು, ಆಫ್ರಾ ಇಬ್ಬರು ಗಂಡುಮಕ್ಕಳಿಗಾಗಿ. “ಇಬ್ಬರನ್ನೂ ಕಳಿಸಿಕೊಡಪ್ಪ. ಇಬ್ಬರಿಗೂ ಒಂದೊಂದು ಕೊಂಡಿ ಕೊಡ್ತೀನಿ,” ಎಂದು ಆಫ್ರಾ ಗಟ್ಟಿಯಾಗಿಯೇ ಹೇಳುತ್ತಿದ್ದಳು, ಸಂತನಿಗೆ ವಯಸ್ಸಾಗಿ ಕಿವಿ ಮಂದವಾಗಿದೆಯೇನೋ ಅನ್ನುವಂತೆ.

ಕೊರ್ಬಿನಿಯನ್ ಬಂದ, ಎಲುಬಿನ ಹಂದರವಾಗಿ. ಅಣ್ಣ ವೀಟ್ ಬರಲಿಲ್ಲ. ಕ್ವಿರಿನ್ ಬರಲಿಲ್ಲ. ಆ ವರ್ಷದ ಕೊನೆಯಲ್ಲಿ ಆಫ್ರಾ ಒಂದು ಕೊಂಡಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇಗರ್ಜಿಯ ಬಾಗಿಲವರೆಗೂ ಬಂದಳು. ಹೊಸ್ತಿಲು ದಾಟಲಿಲ್ಲ.

“ಆಗಲ್ಲ ಬುರ್ಗಲ್,” ಎಂದಳು. “ಒಂದು ಕೊಟ್ಟುಬಿಟ್ರೆ ಇನ್ನೊಂದನ್ನ ಬಿಟ್ಟುಕೊಟ್ಟ ಹಾಗಾಗುತ್ತೆ. ಎರಡೂ ಒಟ್ಟಿಗೇ ತರ್ತೀನಿ.”

ತರಲಿಲ್ಲ. ಹತ್ತು ವರ್ಷ ಕಾದು ತೀರಿಕೊಂಡಳು. ಆ ಹೊಸ್ತಿಲಿನ ಮಾತು ಪೋಲ್ಡಿಗೆ ಗೊತ್ತಿರಲಿಲ್ಲ. ಬುರ್ಗಲ್ ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳದೆ ಹರಕೆಯ ಮಾತನ್ನಷ್ಟೇ ಸಭೆಯಲ್ಲಿ ಹೇಗೆ ಎತ್ತುವುದು? ಅದನ್ನೂ ಹೇಳಿದರೆ ಒಬ್ಬ ತಾಯಿಯ ಎದೆಯೊಳಗಿನದನ್ನು ಬಿಯರ್ ಲೋಟಗಳ ನಡುವೆ ಬಿಡಿಸಿಟ್ಟಂತಾಗುತ್ತದೆ. ಎತ್ತದಿದ್ದರೆ ಸರಪಳಿ ಹೋಗುತ್ತದೆ, ಸರಪಳಿಯ ಜೊತೆ ಊರು. ಸಂತನನ್ನೇ ಕೇಳೋಣವೆಂದರೆ ದನ ಕುದುರೆಗಳನ್ನೂ ಕಾಯುವ ಅವನು ಒಳಗೆ ಪ್ರತಿಮೆಯಾಗಿ ತನ್ನ ಮರದ ಎತ್ತಿನ ಪಕ್ಕ ನಿಂತು ಯಾವತ್ತಿನಂತೆ ಕಿಟಕಿಯಾಚೆ ನೋಡುತ್ತಿದ್ದ.

ಕೆಳಗಿನ ರಸ್ತೆಯಲ್ಲಿ ಕಾರು ನಿಂತ ಸದ್ದಾಯಿತು. ಬಾಗಿಲು ಬಡಿದುಕೊಂಡಿತು. ಟೋಪಿಯನ್ನು ಗಾಳಿಗೆ ಹಾರದಂತೆ ಒತ್ತಿ ಹಿಡಿದುಕೊಂಡು ಹತ್ತಿ ಬರುತ್ತಿದ್ದವನನ್ನು ಕಂಡು ಬುರ್ಗಲ್‌ಳ ಕೈ ನಿಂತಿತು. ಕೊರ್ಬಿನಿಯನ್ ಲಿಯೋನ್‌ಹಾರ್ಡನ ಹಬ್ಬದ ದಿನ ಕೂಡ ಕುದುರೆಗಳ ಮೆರವಣಿಗೆಯನ್ನು ಗುಡ್ಡದ ಬುಡದಲ್ಲೇ ನಿಂತು ಕಳಿಸಿಕೊಡುವವನು. ಸೆರೆಯಿಂದ ಬಂದ ಮೇಲೆ ಅವನು ಮೇಲೆ ಬಂದದ್ದನ್ನು ಅವಳು ನೋಡಿರಲಿಲ್ಲ.

“ದೇವರ ದಯೆ, ಬುರ್ಗಲಕ್ಕ.”

“ದೇವರ ದಯೆ, ಮೇಯರ್ರೇ. ತಲೆನೋವಾ?”

“ಒಡೀತಿದೆ. ಅದರ ಮೇಲೆ ಮೇಷ್ಟ್ರು ಬೆಳಬೆಳಿಗ್ಗೆ ಫೋನ್ ಮಾಡಿ ಹಟ ಹಿಡಿದ್ರು. ಕಣ್ಣಲ್ಲಿ ನೋಡದೆ ಬೇಡ ಅನ್ನಬಾರದಂತೆ. ನೋಡೋಕೆ ಬಂದೆ. ನೋಡಿ ಬೇಡ ಅಂತೀನಿ.”

“ನೋಡು. ನಿನ್ನೂರಿನದೂ ಹೌದು ಈಗ,” ಎಂದಳು. ‘ಮೇಯರ್ರೇ’ ಎಂದು ಕರೆದ ಬಾಯಿಗೆ ಅವನ ತಾಯಿಯ ನೆನಪಿನಲ್ಲಿ ‘ನೀನು’ ಎಂದೇ ಬಂತು. ಅವನು ಅದನ್ನು ತಪ್ಪು ತಿಳಿಯಲಿಲ್ಲ.

ಅವನು ಜೇಬಿನಿಂದ ಕೈ ತೆಗೆಯದೆ ಮುಂದಿನ ಗೋಡೆಯ ಉದ್ದಕ್ಕೂ ನಡೆದ. ಬಾಗಿಲ ಹತ್ತಿರ ಬಂದು, “ನೋಡಿದ್ದಾಯ್ತು,” ಎಂದ.

“ಅರ್ಧ ನೋಡಿದೆ. ಹಿಂದೆ ಬಾ.”

“ಹಿಂದೇನಿದೆ?”

“ಸರಪಳಿ ತುದಿ.”

ಇಗರ್ಜಿಯ ಹಿಂಭಾಗಕ್ಕೆ ರಸ್ತೆಯ ಕಣ್ಣು ತಾಕುವುದಿಲ್ಲ. ಗೋಡೆಗೂ ಬೀಚ್ ಮರಗಳಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ಅಲ್ಲಿ ಹಿಮ ಕರಗಿರಲಿಲ್ಲ. ಎರಡೂ ಕಡೆಯಿಂದ ಬಂದ ಸರಪಳಿ ಅಲ್ಲಿ ಕೂಡುವುದಿಲ್ಲ. ಒಂದು ತುದಿ ಗೋಡೆಯ ಕಲ್ಲಿಗೆ ನೆಟ್ಟಿದೆ. ಇನ್ನೊಂದು ತುದಿ ಸುಮ್ಮನೆ ಜೋತುಬಿದ್ದಿದೆ. ಅದರ ಕಡೆಯ ಕೊಂಡಿಯ ಬಾಯಿ ತೆರೆದಿದೆ, ಒಂದು ಬೆರಳು ತೂರುವಷ್ಟು.

ಕೊರ್ಬಿನಿಯನ್ ಬಗ್ಗಿ ನೋಡಿದ. “ಮುರಿದಿದೆಯಾ?”

“ಮುರಿದಿಲ್ಲ. ಮುಚ್ಚಿಲ್ಲ, ಅಷ್ಟೆ.”

“ಯಾಕೆ?”

“ಹೊಸಬರು ಬಂದಾಗ ಅವರ ಕೊಂಡೀನ ಇದರ ಬಾಯಿಗೆ ಸಿಕ್ಕಿಸಿ ಕಮ್ಮಾರ ಇದನ್ನ ಬಡಿದು ಮುಚ್ಚುತ್ತಾನೆ. ಹೊಸದನ್ನ ಹಾಗೇ ಬಿಡ್ತಾನೆ, ತೆರೆದೇ. ಕಡೇದು ಯಾವಾಗಲೂ ತೆರೆದಿರಬೇಕು. ನಮ್ಮತ್ತೆ ಕಾಲದಲ್ಲೂ ಹಾಗೇ, ಅವರತ್ತೆ ಕಾಲದಲ್ಲೂ ಹಾಗೇ. ಇನ್ನೂ ಬರೋರು ಇರ್ತಾರಲ್ಲ.”

“ಇದು ಯಾರದು?”

“ಕುಂಬಾರರ ಮನೆ ಕಾಸ್ಪರ್‌ದು. ಐವತ್ತೈದರಲ್ಲಿ ರಷ್ಯಾದಿಂದ ಸೆರೆಯವರನ್ನ ತಂದ ಕಡೇ ರೈಲಲ್ಲಿ ಬಂದನಲ್ಲ.”

ಗಾಳಿ ಮರಗಳ ತುದಿಯಲ್ಲಿ ಹೊಯ್ದಾಡುತ್ತಿತ್ತು. ಕೆಳಗೆ ಅವರಿಬ್ಬರು ನಿಂತಲ್ಲಿ ಮಾತ್ರ ನಿಶ್ಶಬ್ದ. ಕೊರ್ಬಿನಿಯನ್ ಕೊಂಡಿಯ ತೆರೆದ ಬಾಯನ್ನೇ ನೋಡುತ್ತಿದ್ದ.

“ನಿನ್ನ ಕ್ವಿರಿನ್‌ದು ಎಲ್ಲಿದೆ?”

“ಅವನು ಬಂದಿಲ್ಲವಲ್ಲ.”

“ಬಂದಿಲ್ಲ ಅಂತ ಗೊತ್ತಿದ್ದೂ ಪ್ರತಿ ವರ್ಷ ಬಂದು ಇದಕ್ಕೆ ಎಣ್ಣೆ ಹಚ್ಚುತ್ತೀಯಾ? ಬಂದೋರದ್ದಕ್ಕೆಲ್ಲಾ?”

“ಬಂದೋರದ್ದಕ್ಕೂ ಹಚ್ಚುತ್ತೀನಿ, ಇದಕ್ಕೂ ಹಚ್ಚುತ್ತೀನಿ.” ಅವಳು ತೆರೆದ ಕೊಂಡಿಯನ್ನು ಮುಟ್ಟಿದಳು. “ತುಕ್ಕು ಹಿಡಿದ್ರೆ ಆಮೇಲೆ ಬಡಿಯೋಕೆ ಬರಲ್ಲ, ಮುರಿದುಹೋಗುತ್ತೆ.”

“ಬರ್ತಾನೆ ಅಂತ ನಂಬಿದ್ದೀಯಾ?”

ಸಂತನ ಗೋಡೆಗೆ ಒರಗಿ ನಿಂತು ಸುಳ್ಳಾಡುವ ಹಾಗಿರಲಿಲ್ಲ. “ಇಲ್ಲ,” ಎಂದಳು. “ಎಷ್ಟೋ ವರ್ಷದಿಂದ ಇಲ್ಲ. ಆದ್ರೆ ಬಾಗಿಲು ಹಾಕೋದು ನನ್ನ ಕೆಲಸ ಅಲ್ಲ.”

ಕೊರ್ಬಿನಿಯನ್ ಟೋಪಿ ತೆಗೆದ. ಬೋಳಾದ ತಲೆಯನ್ನು ಅಂಗೈಯಿಂದ ಉಜ್ಜಿಕೊಂಡ.

“ಸೆರೆ ಸಿಕ್ಕಾಗ ನಾನೂ ವೀಟೂ ಒಂದೇ ಸಾಲಲ್ಲಿ ನಿಂತಿದ್ವಿ. ನನ್ನನ್ನ ಒಂದು ರೈಲಿಗೆ ಹಾಕಿದ್ರು, ವೀಟ್‌ನ ಇನ್ನೊಂದಕ್ಕೆ. ಟೋಪಿ ಬೀಸಿ ನಕ್ಕ, ಸಂತೆಗೆ ಹೋಗೋನ ಹಾಗೆ. ಇಲ್ಲಿ ಬಂದ್ರೆ ಎಲ್ಲರೂ ಸಂತ ಬಿಡಿಸಿದ, ಸಂತ ಬಿಡಿಸಿದ ಅಂತ. ನನ್ನ ಬಿಡಿಸಿದೋನು ಅವನನ್ನ ಯಾಕೆ ಕಟ್ಟಿಹಾಕ್ಕೊಂಡ? ಈ ಸರಪಳಿ ನೆನೆಸ್ಕೊಂಡಾಗೆಲ್ಲ ಅವನು ಅದರೊಳಗೇ ಇದ್ದಾನೆ ಅನ್ಸೋದು.”

ಹರಕೆಯ ಮಾತು ಬುರ್ಗಲ್‌ಳ ನಾಲಿಗೆಯ ತುದಿಗೆ ಬಂದಿತ್ತು. ಇಲ್ಲಿ ಯಾರೂ ಕೇಳುವವರಿಲ್ಲ, ಅವಮಾನವಿಲ್ಲ. ‘ನಿಮ್ಮಮ್ಮ ಕೊಡಬೇಕಾಗಿದ್ದು ನಿನ್ನ ಹತ್ತಿರವಿದೆ’ ಎಂದರೆ ಸಾಕು. ಅವಳು ಅದನ್ನು ನುಂಗಿಕೊಂಡಳು. ಕೇಳಿ ಪಡೆದರೆ ಅದು ವಸೂಲಿಯಾಗುತ್ತದೆ, ಹರಕೆಯಾಗುವುದಿಲ್ಲ.

“ಆ ತುದಿ ಸ್ವಲ್ಪ ಎತ್ತಿ ಹಿಡಿ,” ಎಂದಳು. “ಅಡಿಗೆ ಎಣ್ಣೆ ತಾಕ್ತಿಲ್ಲ.”

ಅವನು ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಸರಪಳಿಯ ತುದಿಯನ್ನು ಎತ್ತಿ ಹಿಡಿದ. ಅವಳು ಆತುರಪಡದೆ ಒರೆಸಿದಳು. ಅವನ ಹೆಬ್ಬೆರಳು ತೆರೆದ ಬಾಯಿಯ ಅಂಚನ್ನು ಹಿಂದಕ್ಕೂ ಮುಂದಕ್ಕೂ ಸವರುತ್ತಿತ್ತು.

“ವೀಟ್‌ಗೂ ಸೇರಿಸೇ ತೆರೆದಿಟ್ಟಿರೋದಾ ಇದು?”

“ವೀಟ್‌ಗೂ ಸೇರಿಸೇ.”

ಅವನು ಎಣ್ಣೆಯ ಕೈಯನ್ನು ಹಿಮದಲ್ಲಿ ಉಜ್ಜಿ ತೊಳೆದುಕೊಂಡು ಇಳಿದು ಹೋದ. ಅವನು ಏನು ತೀರ್ಮಾನಿಸಿದನೆಂದು ಬುರ್ಗಲ್‌ಗೆ ತಿಳಿಯಲಿಲ್ಲ. ಗುರುವಾರದವರೆಗೂ ಅವಳು ಗಂಟೆ ಬಾರಿಸುವಾಗ ಹಗ್ಗವನ್ನು ಬೇಕಾದುದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತಿದ್ದಳು.

ಗುರುವಾರದ ಸಭೆಯಲ್ಲಿ ಪೋಲ್ಡಿ ಅವಳ ಪಕ್ಕದಲ್ಲೇ ಕೂತು ಮೊಣಕೈಯಿಂದ ತಿವಿಯುತ್ತಿದ್ದ. ‘ಏಳು, ಏಳು.’ ಅವಳು ಕೈ ಕಟ್ಟಿ ಕೂತಿದ್ದಳು. ಏಳುವುದಿಲ್ಲ ಎಂದು ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡು ಬಂದಿದ್ದಳು. ಸರಪಳಿ ಹೋದರೆ ಹೋಗಲಿ, ಗೋಡೆಯ ಮೇಲಿರುವುದನ್ನು ಯಾರೂ ಮತ ಹಾಕಿ ಇಳಿಸುವುದಿಲ್ಲ.

ಮೇಯರ್ ಚಿತ್ರವನ್ನು ತನ್ನ ಮುಂದಕ್ಕೆ ಎಳೆದುಕೊಂಡ. ಜೇಬಿನಿಂದ ಪೆನ್ಸಿಲ್ ತೆಗೆದ.

“ಮೇಷ್ಟ್ರೇ, ಒಂದು ತಪ್ಪಾಗಿದೆ. ಕಡೇ ಕೊಂಡೀನ ಮುಚ್ಚಿಬಿಟ್ಟಿದ್ದೀರಿ.”

“ಕೊಂಡಿ ಅಂದ್ಮೇಲೆ ಮುಚ್ಚೇ ಇರುತ್ತಲ್ಲ?”

“ಇಲ್ಲಿ ಇರಲ್ಲ. ನೀವು ರಸ್ತೇಲಿ ನಿಂತು ನೋಡಿದ್ದೀರಿ. ನಾನೂ ಅಲ್ಲೇ ನಿಂತಿದ್ದೋನು, ಬಿಡಿ. ಹಿಂದೆ ಹೋಗಿ ನೋಡಿ ಬನ್ನಿ.” ಅವನು ಮೂರನೆಯ ಕೊಂಡಿಯ ಗೆರೆಯನ್ನು ಪೆನ್ಸಿಲ್ ತುದಿಯ ರಬ್ಬರಿನಿಂದ ಒಂದು ಕಡೆ ಅಳಿಸಿದ. “ಹೀಗೆ. ಇದು ಹೀಗಿದ್ರೆ ನನ್ನ ಮತ ಇದೆ. ಮುಚ್ಚಿದ್ರೆ ಇಲ್ಲ.”

ಮೇಷ್ಟರು ಕನ್ನಡಕ ಏರಿಸಿದರು. “ಲಾಂಛನಕ್ಕೆ ಒಪ್ಪಿಗೆ ಕೊಡೋ ಮ್ಯೂನಿಕ್ಕಿನೋರು ಕಾರಣ ಕೇಳ್ತಾರೆ.”

“ಊರಿನ ಪದ್ಧತಿ ಅಂತ ಬರೀರಿ.”

“ಬಾಯಿ ತೆರೆದ ಸರಪಳಿಗೆ ಹಸು ಕಟ್ಟಿದ್ರೆ ಓಡಿಹೋಗುತ್ತಲ್ಲ ಸ್ವಾಮಿ!” ಎಂದ ಸೈಮರ್.

“ಓಡಿಹೋಗೋಕಲ್ಲ ಸೈಮರ್,” ಎಂದ ಕೊರ್ಬಿನಿಯನ್, ಸಿಟ್ಟಿಲ್ಲದೆ. “ಬರೋರಿಗೆ.”

ಕೈಗಳು ಎದ್ದವು. ಸೈಮರನದೂ ಎದ್ದಿತು, ಲೋಟ ಎತ್ತಿದ ಕೈ ಹಾಗೇ ಮೇಲೆ ಹೋಯಿತು ಎಂದು ಆಮೇಲೆ ಹೇಳಿಕೊಂಡ. ಪೋಲ್ಡಿ ಬಾಯಿ ಬಿಟ್ಟುಕೊಂಡು ಬುರ್ಗಲ್‌ಳನ್ನು ನೋಡಿದ.

“ಹೇಳ್ಬಿಟ್ಟೆಯಾ ಅವನಿಗೆ? ಏನು ಮಾಡಿದೆ?”

“ಎಣ್ಣೆ ಹಚ್ಚಿದೆ,” ಎಂದಳು ಬುರ್ಗಲ್.

ಮ್ಯೂನಿಕ್ಕಿನವರು ಕಾರಣ ಕೇಳಿದರು, ಮೇಷ್ಟರು ಹಿಂದೆ ಹೋಗಿ ನೋಡಿ ಬಂದು ಉತ್ತರ ಬರೆದರು. ಒಪ್ಪಿಗೆ ಬರುವಷ್ಟರಲ್ಲಿ ಹುಲ್ಲು ಕೊಯ್ಲು ಮುಗಿದು ಸೇಬು ಇಳಿಸುವ ಕಾಲ ಬಂದಿತ್ತು. ಕಾನ್ವೆಂಟಿನ ಸಿಸ್ಟರುಗಳು ಬಾವುಟ ಹೊಲಿದುಕೊಟ್ಟರು: ಆಳೆತ್ತರಕ್ಕೂ ಮಿಗಿಲಾದ ಉದ್ದ, ನೀಲಿ ಬಿಳಿ ಪಟ್ಟೆ, ನಡುವೆ ಗುರಾಣಿ. ನವೆಂಬರಿನ ಲಿಯೋನ್‌ಹಾರ್ಡನ ಹಬ್ಬದ ದಿನ ಕುದುರೆಗಳ ಜೊತೆಗೆ ಬಾವುಟಕ್ಕೂ ಪಾದ್ರಿಗಳ ಆಶೀರ್ವಾದ ಎಂದಾಯಿತು.

ಹಬ್ಬದ ಬೆಳಿಗ್ಗೆ ಗುಡ್ಡದ ಸುತ್ತ ಮಂಜು ಹಾಲಿನ ಹಾಗೆ ನಿಂತಿತ್ತು. ಕುದುರೆಗಳು ಇನ್ನೂ ಕೆಳಗೇ ಇದ್ದವು; ಗೊರಸಿನ ಸದ್ದು, ಯಾರೋ ಬೈಯುವುದು, ಗೆಜ್ಜೆ ಮಾತ್ರ ಕೇಳಿಸುತ್ತಿತ್ತು. ಬುರ್ಗಲ್ ಬತ್ತಿ ಹಚ್ಚಿ ಮುಗಿಸಿ, ಮೊದಲ ಬೆಂಚಿನ ಮೇಲೆ ಮಡಿಸಿಟ್ಟಿದ್ದ ಬಾವುಟದ ಒಂದು ಮಡಿಕೆಯನ್ನು ಬಿಡಿಸಿ ನೋಡಿದಳು. ಬೆಳ್ಳಿ ನೂಲಿನ ಮೂರನೆಯ ಕೊಂಡಿ ಬಾಯಿ ತೆರೆದುಕೊಂಡಿತ್ತು. ಅದರ ಮೇಲೆ ಬೆರಳಿಟ್ಟು ಕ್ವಿರಿನ್‌ನ ಹೆಸರಿನಲ್ಲಿ ಒಂದು ಪ್ರಾರ್ಥನೆ ಹೇಳಿಕೊಂಡಳು.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಹಬ್ಬದ ಕಪ್ಪು ಕೋಟಿನಲ್ಲಿ ಕೊರ್ಬಿನಿಯನ್ ಹೊಸ್ತಿಲಾಚೆ ನಿಂತಿದ್ದ. ಮೇಯರ್ ಹಾಕಿಕೊಳ್ಳುವ ಸರಪಳಿ ಇನ್ನೂ ಕುತ್ತಿಗೆಗೆ ಬಂದಿರಲಿಲ್ಲ, ಒಂದು ಜೇಬಿನಿಂದ ಅದರ ತುದಿ ಇಣುಕುತ್ತಿತ್ತು. ಇನ್ನೊಂದು ಜೇಬು ಭಾರಕ್ಕೆ ಇಳಿಬಿದ್ದಿತ್ತು. ಅವನು ಒಂದು ಕ್ಷಣ ತಡೆದು ಹೊಸ್ತಿಲು ದಾಟಿದ, ಪವಿತ್ರ ಜಲಕ್ಕೆ ಬೆರಳು ಅದ್ದಿ ಹಣೆಗೆ ಮುಟ್ಟಿಸಿಕೊಂಡ.

“ಪೋಲ್ಡಿ ಸುತ್ತಿಗೆ ತಂದಿದ್ದಾನಾ?”

“ಕುದುರೆ ಲಾಳಕ್ಕೆ ಅಂತ ತಂದೇ ಇರ್ತಾನೆ.”

ಅವನು ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದ. ಕೆಂಪು ಚೌಕಳಿಯ ಆ ಬಟ್ಟೆಯನ್ನು ಬುರ್ಗಲ್ ಗುರುತು ಹಿಡಿದಳು. ಹಿಂದೊಮ್ಮೆ ಅದು ಇದೇ ಹೊಸ್ತಿಲವರೆಗೂ ಬಂದು ತಿರುಗಿ ಹೋಗಿತ್ತು.

“ಒಂದೇ ತಂದಿದ್ದೀನಿ,” ಎಂದ.

“ಒಂದೇ ಕೊಡಬೇಕಾಗಿದ್ದಿದ್ದು.”

“ಇನ್ನೊಂದು ಮನೇಲಿರಲಿ. ಅದನ್ನ ವೀಟ್ ತರ್ತಾನೆ.”

“ತರಲಿ.”

ಅವನು ಗಂಟು ಬಿಚ್ಚಿದ. ಬಟ್ಟೆಯೊಳಗಿನ ಕಬ್ಬಿಣ ಮೇಣದ ಬತ್ತಿಯ ಬೆಳಕಿಗೆ ಕಪ್ಪಗೆ ಮಿನುಗಿತು. ಎಲ್ಲಿಯೂ ಒಂದು ಚುಕ್ಕೆಯೂ ತುಕ್ಕಿರಲಿಲ್ಲ. ಆಫ್ರಾ ಹೋಗಿ ಅಷ್ಟು ವರ್ಷವಾದರೂ ಯಾರೋ ಅದಕ್ಕೆ ಎಣ್ಣೆ ಸವರಿಕೊಂಡು ಬಂದಿದ್ದರು. ಬುರ್ಗಲ್ ಎರಡೂ ಅಂಗೈಗಳನ್ನು ಜೋಡಿಸಿ ಮುಂದೆ ಒಡ್ಡಿದಳು.

“ಅಮ್ಮನ ಕಡೆಯಿಂದ,” ಎಂದು ಕೊರ್ಬಿನಿಯನ್ ಆ ಕೊಂಡಿಯನ್ನು ಅವಳ ಕೈಯಲ್ಲಿ ಇಟ್ಟ.